ಅಮ್ಮನ ಮುಖದ ಕಲೆ

ಮಗಳ ಮದುವೆಯ ವಿಡಿಯೋವನ್ನು ಹುಡುಗ ತಂದುಕೊಟ್ಟ ದಿನ ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂತೆವು. ಧಾರೆಯ ಹೊತ್ತಿಗೆ ಅಮ್ಮನ ಮುಖ ತೆರೆಯ ತುಂಬ ಬಂತು. ನನ್ನ ಎದೆ ಧಸಕ್ಕೆಂದಿತು. ಬಾಲ್ಯದಲ್ಲಿ ಸಿಡುಬು ಬಿಟ್ಟುಹೋದ ಕುಳಿಗಳು ಹುಡುಕಿದರೂ ಕಾಣಲಿಲ್ಲ!

"ಹಳೆಯ ಟಿ.ವಿ. ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕಿಗಳಿದ್ದವು ಆಂಟಿ, ಎಚ್.ಡಿ.ಯಲ್ಲಿ 20 ಲಕ್ಷ. ಒಂದು ಮೊಡವೆಯೂ ಮುಚ್ಚಿಡಲಾಗದು. ಅದಕ್ಕೇ ಕಂಪ್ಯೂಟರು ಚರ್ಮದ ಬಣ್ಣ ಹುಡುಕಿ, ಅಲ್ಲಿನ ಸಣ್ಣ ಏರಿಳಿತವನ್ನು ಅಕ್ಕಪಕ್ಕದ ಬಣ್ಣದೊಡನೆ ಬೆರೆಸಿ ನುಣುಪು ಮಾಡುತ್ತದೆ. ಕಣ್ಣು, ತುಟಿ, ಕೂದಲಿನ ಅಂಚು ಮುಟ್ಟುವುದಿಲ್ಲ" ಎಂದ ಹುಡುಗ.

ಅದಕ್ಕೆ ನಿನ್ನೆಯ ಮೊಡವೆಯೂ ಒಂದೇ, ಎಪ್ಪತ್ತು ವರ್ಷ ಜೊತೆಗಿದ್ದ ಕಲೆಯೂ ಒಂದೇ. ನಾರ್ವೆಯಲ್ಲಿ 2022ರಿಂದ, ಜಾಹೀರಾತಿನಲ್ಲಿ ಹೀಗೆ ಚರ್ಮ ತಿದ್ದಿದರೆ ಗುರುತು ಹಾಕಲೇಬೇಕೆಂಬ ಕಾನೂನಿದೆ. ಮದುವೆ ಮನೆಗೆ ಯಾವ ಕಾನೂನು? ತಿದ್ದದ ಪ್ರತಿ ಕೊಡು ಎಂದು ಜಗಳವಾಡಿಯೇಬಿಟ್ಟೆ.

ಅಮ್ಮ ಮಾತ್ರ ಸುಮ್ಮನೆ ನೋಡುತ್ತಿದ್ದಳು. ಯಾರು ಕ್ಯಾಮೆರಾ ಹಿಡಿದರೂ ಸೆರಗನ್ನು ಕೆನ್ನೆಗೆ ಎಳೆದುಕೊಳ್ಳುತ್ತಿದ್ದವಳು ಅವಳು. ಆಮೇಲೆ ಮೆಲ್ಲಗೆ, "ಇನ್ನೊಂದು ಸಲ ಹಾಕೇ" ಎಂದಳು.

ತಿದ್ದುವಾಗ ಆ ಹುಡುಗ ಅವಳನ್ನು ಕೇಳಿರಲಿಲ್ಲ. ಸತ್ಯದ ಪರವಾಗಿ ಕೂಗಾಡುವಾಗ ನಾನೂ ಕೇಳಿರಲಿಲ್ಲ.

ಈಗ ಎರಡೂ ಪ್ರತಿಗಳಿವೆ. ಅಮ್ಮ ನೋಡುವುದು ನುಣುಪಾದದ್ದನ್ನು. ನಾನು ಒಬ್ಬಳೇ ಇದ್ದಾಗ ಇನ್ನೊಂದನ್ನು ಹಾಕಿಕೊಳ್ಳುತ್ತೇನೆ. ಚಿಕ್ಕಂದಿನಲ್ಲಿ ಅವಳ ಮಡಿಲಲ್ಲಿ ಮಲಗಿ, ಬೆರಳಿಟ್ಟು ಎಣಿಸುತ್ತಿದ್ದ ಕುಳಿಗಳು ಅಲ್ಲಿವೆ.