ಮನೆಯ ಪಾಠವೂ ಸಾಕ್ಷಿಪತ್ರವೂ

ಮಕ್ಕಳಿಗೆ ವಿದ್ಯೆ ಕಲಿಸುವುದು ತಂದೆತಾಯಿಗಳ ಧರ್ಮವೆಂಬುದರಲ್ಲಿ ವಿವಾದವಿಲ್ಲ. ಆದರೆ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಮನೆಯಲ್ಲಿ ಪಾಠ ಹೇಳುವವರು, ಅದಕ್ಕೆ ಕಾಗದಪತ್ರಗಳ ಸಾಕ್ಷ್ಯವನ್ನು ಇಟ್ಟುಕೊಳ್ಳತಕ್ಕುದುಂಟೆ, ಉಂಟಾದರೆ ಅದು ಯಾರಿಗೆ ಸಲ್ಲಿಸುವ ಋಣ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲಿನ ಸಿಂಗಸಂದ್ರವು ಹಿಂದೆ ಒಂದು ಹಳ್ಳಿ. ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಅದು ನಗರದೊಳಗೆ ಬೆರೆಯಿತು. 2025ರ ಆಗಸ್ಟ್ ತಿಂಗಳಿಂದ ಮೆಟ್ರೋ ರೈಲೂ ಅಲ್ಲಿ ನಿಲ್ಲುತ್ತಿದೆ. ಇಂಥ ಊರಿನಲ್ಲಿ ಎರಡು ಬಗೆಯ ಮಕ್ಕಳು ಶಾಲೆಯ ಹೊರಗಿರುವುದುಂಟು. ವಿದ್ಯಾವಂತರಾದ ತಂದೆತಾಯಿಗಳು ಬೇಕೆಂದೇ ಮನೆಯಲ್ಲಿ ಓದಿಸುವ ಮಗು ಒಂದು; ಕಟ್ಟಡದ ಕೆಲಸಕ್ಕೆಂದು ದೂರದಿಂದ ಬಂದ ಕೂಲಿಯವರ ತಗಡಿನ ಮನೆಯಲ್ಲಿ, ಕಂಕುಳಲ್ಲಿ ತಂಗಿಯನ್ನೆತ್ತಿಕೊಂಡು ಹಗಲು ಕಳೆಯುವ ಮಗು ಇನ್ನೊಂದು. ಶಾಲೆಯ ದಾಖಲೆಯಲ್ಲಿ ಇಬ್ಬರ ಹೆಸರೂ ಇಲ್ಲ. ಮನೆಯ ಬಾಗಿಲನ್ನು ತೆರೆದು ನೋಡದವನಿಗೆ ಇಬ್ಬರೂ ಒಂದೇ.

ಶಾಸನದ ಸ್ಥಿತಿಯನ್ನು ಮೊದಲು ತಿಳಿಯತಕ್ಕುದು. ಮೈಸೂರು ಸಂಸ್ಥಾನವು 1913ರಷ್ಟು ಹಿಂದೆಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಒಂದು ನಿಬಂಧನೆಯನ್ನು ಮಾಡಿತ್ತು. 2002ರ ಸಂವಿಧಾನದ ತಿದ್ದುಪಡಿಯು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿ, ಅದಕ್ಕೆ ಅವಕಾಶ ಕಲ್ಪಿಸುವುದನ್ನು ತಂದೆತಾಯಿಗಳ ಕರ್ತವ್ಯವೆಂದಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಹತ್ತನೆಯ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವ ಹೊಣೆಯನ್ನು ಪಾಲಕರ ಮೇಲಿಟ್ಟಿದೆ. ಆದರೆ ಸೇರಿಸದ ಪಾಲಕರಿಗೆ ಆ ಕಾಯಿದೆಯಲ್ಲಿ ದಂಡನೆಯಿಲ್ಲ. ಮನೆಯ ಪಾಠಕ್ಕೆಂದು ಒಂದು ನಮೂನೆಯೂ ಇಲ್ಲ. ತನ್ನ ಎಲ್ಲೆಯೊಳಗಿನ ಮಕ್ಕಳ ದಾಖಲೆಯನ್ನಿಡುವ ಕೆಲಸವನ್ನು ಅದು ಸ್ಥಳೀಯ ಸಂಸ್ಥೆಗೆ ವಹಿಸಿದೆ. ಶಾಸನದ ಅಕ್ಷರವು ಶಾಲೆಯ ಕಡೆಗೇ ವಾಲಿದೆಯೆಂಬುದನ್ನು ಮರೆಮಾಚಲಾಗದು.

ಇಲ್ಲಿ ಪೂರ್ವಪಕ್ಷದವರು ಹೀಗೆನ್ನುವರು: ದಂಡವಿಲ್ಲದ ವಿಧಿಗೆ ಅಂಜುವುದೇಕೆ? ತಾಯಿಯ ವಾತ್ಸಲ್ಯಕ್ಕೆ ರಶೀದಿಯುಂಟೆ? ಹಾಜರಿ ಪುಸ್ತಕ ತುಂಬಿದ್ದರೂ ಅಕ್ಷರ ಕೂಡಿಸಲಾರದ ಮಕ್ಕಳು ಶಾಲೆಗಳಲ್ಲಿಲ್ಲವೆ? 2012ರ ತಿದ್ದುಪಡಿಯು ವೇದಪಾಠಶಾಲೆ, ಮದರಸಾಗಳನ್ನು ಈ ಕಾಯಿದೆಯಿಂದ ಹೊರಗಿಟ್ಟಿದೆ. ಮನೆಯೇನು ಅವಕ್ಕಿಂತ ಕಡಮೆಯೆ?

ಈ ವಾದದಲ್ಲಿ ಸತ್ಯಾಂಶವುಂಟು. ಕಾಗದವು ವಿದ್ಯೆಯಲ್ಲ. ಆದರೂ ಇದಕ್ಕೆ ಸಮಾಧಾನವು ಮೂರು ಬಗೆಯಾಗಿದೆ.

ಮೊದಲನೆಯದು, ವಾತ್ಸಲ್ಯವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಾರದು. ಛಾಂದೋಗ್ಯದ ಉದ್ದಾಲಕನು ತಾನೇ ಬ್ರಹ್ಮವಿದ್ಯೆಯನ್ನು ಬಲ್ಲವನಾಗಿದ್ದರೂ ಮಗನಾದ ಶ್ವೇತಕೇತುವನ್ನು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಕಳುಹಿಸಿದನು. ಇಪ್ಪತ್ತನಾಲ್ಕರಲ್ಲಿ ಗರ್ವದಿಂದ ಹಿಂದಿರುಗಿದವನನ್ನು ಪ್ರಶ್ನಿಸಿ, ಕೊರತೆಯನ್ನು ಕಂಡು, ಆಮೇಲೆ ತಾನೇ ಉಪದೇಶಿಸಿದನು. ಗುರುವು ಕಲಿಸಿದುದನ್ನು ತಂದೆ ಪರೀಕ್ಷಿಸಿದನು. ತಂದೆ ಕಲಿಸಿದುದನ್ನು ಮತ್ತೊಬ್ಬರು ನೋಡುವುದೂ ಅಂತೆಯೇ ನ್ಯಾಯವಾದುದು. ಪಾಠಶಾಲೆಯಲ್ಲಿ ಗುರುವೂ ಸಹಪಾಠಿಗಳೂ ನೋಡುವವರಾಗಿರುವರು. ಮನೆಯ ಬಾಗಿಲು ಮುಚ್ಚಿದರೆ ನೋಡುವವರಿಲ್ಲ.

ಎರಡನೆಯದು, ಮಗುವು ಎಂದೆಂದಿಗೂ ಮಗುವಾಗಿರದು. ಮನೆಯಲ್ಲಿ ಓದಿಸುವುದು ತಂದೆತಾಯಿಗಳ ಸಂಕಲ್ಪ. ಅದರ ಫಲವನ್ನು ಹೊರುವುದು ಮಗುವಿನ ಹೆಗಲು. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. ಆ ದಿನ ಜನನದ ಪ್ರಮಾಣಪತ್ರ, ಗುರುತಿನ ಮತ್ತು ವಿಳಾಸದ ದಾಖಲೆಗಳು ಬೇಕಾಗುವುವು. ತಂದೆಯ ಉದಾಸೀನದಿಂದ ಮಗನ ದಾರಿ ಕಟ್ಟಿದರೆ, ಅದನ್ನು ಸ್ವಾತಂತ್ರ್ಯವೆನ್ನಲಾದೀತೆ?

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. "ನಮ್ಮ ಮಗು ಮನೆಯಲ್ಲಿಯೇ ಕಲಿಯುತ್ತಿದೆ, ಕೇಳಬೇಡಿರಿ" ಎಂಬ ಮಾತನ್ನು ವಿದ್ಯಾವಂತನಿಂದ ಒಪ್ಪಿಕೊಂಡರೆ, ಅದೇ ಮಾತನ್ನು ಮಗುವನ್ನು ದುಡಿಮೆಗೆ ಹಚ್ಚಿದವನಿಂದಲೂ ಒಪ್ಪಬೇಕಾಗುವುದು. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಶಾಸನವು ಹದಿನಾಲ್ಕರೊಳಗಿನವರನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿದರೂ, ಶಾಲೆಯ ವೇಳೆಯ ಹೊರಗೆ ಮನೆತನದ ಕಸುಬಿಗೆ ನೆರವಾಗುವುದನ್ನು ಬಿಟ್ಟಿದೆ. ಶಾಲೆಯೇ ಇಲ್ಲದ ಮಗುವಿಗೆ ಶಾಲೆಯ ವೇಳೆಯೆಲ್ಲಿ? ಆದಕಾರಣ ಸಿಂಗಸಂದ್ರದ ಸುಖವಂತನು ತನ್ನ ಲೆಕ್ಕವನ್ನು ತೆರೆದಿಟ್ಟರೆ, ತಗಡಿನ ಮನೆಯ ಮಗುವನ್ನು ಹುಡುಕುವ ಅಧಿಕಾರಿಯ ಕೈಗೆ ಬಲ ಬರುವುದು. ಮುಚ್ಚಿಟ್ಟರೆ ಆ ಮಗು ಅವನ ನೆರಳಿನಲ್ಲಿಯೇ ಮರೆಯಾಗುವುದು.

ಶಾಸನವು ನಮೂನೆಯನ್ನು ಕೊಡದಿದ್ದರೂ ವಿವೇಕಿಗಳಿಗೆ ಮಾರ್ಗವುಂಟು. ಶಾಲೆಯನ್ನು ಬಿಡಿಸುವಾಗ ವರ್ಗಾವಣೆ ಪತ್ರವನ್ನು ಪಡೆಯುವುದು. ಕ್ಷೇತ್ರ ಶಿಕ್ಷಣಾಧಿಕಾರಿಗೆ ಸಂಗತಿಯನ್ನು ಬರೆದು ತಿಳಿಸಿ ಸ್ವೀಕೃತಿಯನ್ನು ಕಾಪಾಡುವುದು. ವರ್ಷವರ್ಷವೂ ಕಲಿತ ವಿಷಯಗಳ ವಿವರವನ್ನೂ ಮಗುವಿನ ಕೈಬರಹವನ್ನೂ ತಾರೀಖಿನೊಡನೆ ಜೋಡಿಸುವುದು. ಮನೆಯವರಲ್ಲದ ಒಬ್ಬ ತಿಳಿದವರಿಂದ ಆಗಾಗ ಪರೀಕ್ಷೆ ಮಾಡಿಸುವುದು. ಇವುಗಳಿಂದ ಹತ್ತನೆಯ ಕಲಮಿನ ಹೊಣೆ ತೀರಿತೆಂದು ಹೇಳಲಾಗದು. ಆದರೆ ಶಾಲೆಗೆ ಮರಳಬೇಕಾದರೆ ದಾರಿ ಸುಗಮವಾಗುವುದು. ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕನ್ನು ಆ ಕಾಯಿದೆಯೇ ಕೊಟ್ಟಿದೆ.

ಅಧಿಕಾರಿಗಳಿಗೂ ಒಂದು ಧರ್ಮವುಂಟು. ಕಾಗದವನ್ನು ಕೇಳುವವರು ಮಗುವನ್ನೂ ನೋಡಬೇಕು. ಎದುರಿಗೆ ಕೂರಿಸಿ ಒಂದು ಪುಟ ಓದಿಸಬೇಕು, ಒಂದು ಲೆಕ್ಕ ಮಾಡಿಸಬೇಕು. ಸ್ಪಷ್ಟವಾದ ನಿಯಮವೊಂದನ್ನು ಮಾಡಿ ಅನುಮಾನವನ್ನು ಪರಿಹರಿಸುವುದು ಸರಕಾರಕ್ಕೆ ಸೇರಿದ ಕೆಲಸ.

ಸಿಂಗಸಂದ್ರಕ್ಕೆ ಸಮೀಪದ ಬೇಗೂರಿನಲ್ಲಿ ಸುಮಾರು 890ರ ವೀರಗಲ್ಲೊಂದರ ಮೇಲೆ ಬೆಂಗಳೂರೆಂಬ ಹೆಸರು ಕೆತ್ತಿದೆ. ಕೆತ್ತಿದ ಕೈ ಅಳಿದು ಸಾವಿರ ವರ್ಷ ಮೀರಿದರೂ ಸಾಕ್ಷ್ಯ ಉಳಿದಿದೆ. ತನ್ನ ಪರವಾಗಿ ತಾನೇ ನುಡಿಯಲಾರದ ಮಗುವಿಗೋಸ್ಕರ ನಾಲ್ಕು ಹಾಳೆಗಳನ್ನು ಜೋಪಾನವಾಗಿಡುವುದು ಹೊರೆಯಾಗಲಾರದು.