ಏಕವಚನದ ಹಕ್ಕು

ಕನ್ನಡದಲ್ಲಿ ಐವತ್ತು ದಾಟಿದ ಗಂಡಸನ್ನು ‘ಲೋ’ ಎಂದು ಕರೆಯಬಲ್ಲವರು ಬಹಳ ಕಡಿಮೆ. ಅಪ್ಪ ಅಮ್ಮ, ಅಣ್ಣ ಅಕ್ಕ, ಸೋದರಮಾವ ಹೀಗೆ ಒಬ್ಬೊಬ್ಬರೇ ಹೋಗುತ್ತ ಬಂದಂತೆ ಏಕವಚನದಲ್ಲಿ ಕರೆಸಿಕೊಳ್ಳುವ ಸುಖವೂ ಕರಗುತ್ತ ಬರುತ್ತದೆ. ಕಚೇರಿಯಲ್ಲಿ ಸಾರ್, ಅಂಗಡಿಯಲ್ಲಿ ಯಜಮಾನ್ರೇ, ಬಸ್ಸಿನಲ್ಲಿ ಅಂಕಲ್. ಹೆಂಡತಿಯೂ ‘ರೀ’ ಎನ್ನುವ ತಲೆಮಾರು ನಮ್ಮದು. ಕೊನೆಗೆ ಉಳಿಯುವುದು ಕ್ಲಾಸ್‌ಮೇಟುಗಳ ಏಕವಚನ ಒಂದೇ. ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನಗಳು ಈಗ ಊರೂರಲ್ಲಿ ನಡೆಯುತ್ತಿರುವುದಕ್ಕೆ ವಾಟ್ಸಾಪ್ ಕಾರಣ ಎನ್ನುತ್ತಾರೆ. ಇರಬಹುದು. ಈ ಏಕವಚನದ ಹಸಿವೂ ಒಂದು ಕಾರಣ ಎಂದು ನನ್ನ ಅನುಮಾನ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಹೈಸ್ಕೂಲು, 1988ರ ಎಸ್ಸೆಸ್ಸೆಲ್ಸಿ. ಮೂವತ್ತಾರು ವರ್ಷದ ಮೇಲೆ ಸೇರಿದೆವು. ಎಲ್ಲ ಕಡೆ ನಡೆಯುವಂಥದ್ದೇ ಕಾರ್ಯಕ್ರಮ. ಬೆಳಿಗ್ಗೆ ಉಪ್ಪಿಟ್ಟು ಕೇಸರಿಬಾತು, ಆಮೇಲೆ ಗುರುವಂದನೆ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಎಂಬತ್ತು ದಾಟಿದ ಗಣಿತದ ಮೇಷ್ಟ್ರಿಗೆ ನಮ್ಮಲ್ಲಿ ಯಾರ ಹೆಸರೂ ನೆನಪಿರಲಿಲ್ಲ, ದಿನಾ ಲೆಕ್ಕ ತಪ್ಪು ಮಾಡಿ ಒದೆ ತಿನ್ನುತ್ತಿದ್ದ ಒಬ್ಬನದ್ದನ್ನು ಬಿಟ್ಟು. ಅವನಿಗೆ ಅವತ್ತು ಆದ ಸಂತೋಷ ಶಾಲೆಗೆ ಮೊದಲು ಬಂದವನಿಗೂ ಆಗಿರಲಾರದು. ಇದನ್ನೆಲ್ಲ ಹೆಚ್ಚು ವರ್ಣಿಸುವುದಿಲ್ಲ. ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಇಂಥ ಫೋಟೋಗಳನ್ನು ಅಪ್ಪನ ಅಥವಾ ಅಮ್ಮನ ಫೋನಿನಲ್ಲಿ ನೋಡಿಯೇ ಇರುತ್ತೀರಿ. ನನ್ನ ತಲೆಯಲ್ಲಿ ಕೂತದ್ದು ಮೈಕಿನಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತು. ‘ಇವತ್ತು ಇಲ್ಲಿ ಯಾರೂ ಆಫೀಸರಲ್ಲ, ಯಾರೂ ಡ್ರೈವರಲ್ಲ, ನಾವೆಲ್ಲ ಒಂದೇ ಬೆಂಚಿನವರು.’ ಚಪ್ಪಾಳೆ ಬಿದ್ದ ಮಾತು. ಇದು ನಿಜವೇ? ನಿಜವೇ ಆದರೂ ಇದನ್ನು ಹೇಳುವ ಹಕ್ಕು ಯಾರಿಗಿದೆ?

ಹಿಂದಿನ ದಿನ ಸಂಜೆ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸುತ್ತಿದ್ದೆವು. ಟೆಂಪೋದಿಂದ ಕುರ್ಚಿ ಇಳಿಸುತ್ತಿದ್ದ ಮಾಲೀಕ, ನಮ್ಮ ಕ್ಲಾಸಿನ ಮಾನಿಟರ್ ಆಗಿದ್ದು ಈಗ ಇಂಜಿನಿಯರ್ ಆಗಿರುವವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ‘ಸಾರ್, ನಾನೂ ಎಂಟನೇ ಕ್ಲಾಸಲ್ಲಿ ನಿಮ್ ಜೊತೇಲೇ ಇದ್ದೆ’ ಅಂದ. ಎರಡು ನಿಮಿಷದಲ್ಲಿ ಗುರುತು ಸಿಕ್ಕಿ ಅಪ್ಪಿಕೊಂಡದ್ದೂ ಆಯಿತು. ‘ಸಾರ್ ಗೀರ್ ಅನ್ಬೇಡ ಕಣೋ, ನೀನು ಅನ್ನು’ ಎಂದ ಇಂಜಿನಿಯರು. ‘ಆಯ್ತು ಸಾರ್’ ಎಂದ ಅವನು. ಎಲ್ಲರೂ ನಕ್ಕರು, ಅವನೂ ನಕ್ಕ. ಮಾರನೆಯ ದಿನ ನಮ್ಮ ಜೊತೆಗೇ ಊಟಕ್ಕೆ ಕೂರಿಸಿಕೊಂಡೆವು. ಎಲೆ ಎತ್ತಿದ ಮೇಲೆ ಎದ್ದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಇಬ್ಬರು ಕೈ ಹಾಕಲು ಹೋದರೆ, ‘ಬಿಡಿ ಬಿಡಿ, ಅದಕ್ಕೂ ಸೇರಿಸೇ ಬಿಲ್ ಹಾಕಿರೋದು’ ಎಂದ.

ಆ ‘ಆಯ್ತು ಸಾರ್’ ಎಂಬುದರಲ್ಲಿ ನಮ್ಮ ಭಾಷೆಯ ಇಡೀ ಸಮಾಜಶಾಸ್ತ್ರ ಇದೆ. ಮೇಲಿರುವವನಿಗೆ ಏಕವಚನಕ್ಕೆ ಇಳಿಯುವುದು ಸುಲಭ, ಮೆಟ್ಟಿಲು ಇಳಿದ ಹಾಗೆ. ಕೆಳಗಿರುವವನು ಅದೇ ‘ನೀನು’ ಅನ್ನಬೇಕಾದರೆ ಹತ್ತಬೇಕು. ‘ನನ್ನನ್ನು ಸಾರ್ ಅನ್ನಬೇಡ’ ಎನ್ನುವುದೂ ಒಂದು ಅಪ್ಪಣೆಯೇ, ಅದೂ ಏಕವಚನದಲ್ಲಿ ಕೊಟ್ಟದ್ದು. ಸಮಾನತೆಯನ್ನು ಹೀಗೆ ಕೈಯೆತ್ತಿ ಕೊಡಲು ಬರುವುದಿಲ್ಲ. ಇನ್ನೊಬ್ಬ ಅದನ್ನು ತಾನಾಗಿ ತೆಗೆದುಕೊಳ್ಳಬೇಕು, ತೆಗೆದುಕೊಳ್ಳುವ ಧೈರ್ಯ ಅವನಿಗೆ ಬರುವ ಹಾಗೆ ಮಿಕ್ಕವರು ಬದುಕಿರಬೇಕು. ಒಂದು ಭಾನುವಾರದಲ್ಲಿ ಆಗುವ ಕೆಲಸವಲ್ಲ.

ಇಂಥ ಸಭೆಗಳಲ್ಲಿ ತಪ್ಪದೆ ಬರುವ ಉಪಮೆ ಕೃಷ್ಣ ಕುಚೇಲರದ್ದು. ಸಾಂದೀಪನಿಯ ಬಳಿ ಜೊತೆಗೆ ಓದಿದವರು, ಒಬ್ಬ ದ್ವಾರಕೆಯ ಅರಮನೆಯಲ್ಲಿ, ಇನ್ನೊಬ್ಬ ಹರಿದ ಬಟ್ಟೆಯಲ್ಲಿ. ಭಾಗವತದ ಆ ಪ್ರಸಂಗ ನಿಜಕ್ಕೂ ಸೊಗಸಾದದ್ದು. ಗುರುಪತ್ನಿಗಾಗಿ ಸೌದೆ ತರಲು ಹೋಗಿ ಮಳೆಯಲ್ಲಿ ಸಿಕ್ಕಿಕೊಂಡ ರಾತ್ರಿಯನ್ನು ಕೃಷ್ಣನೇ ನೆನಪಿಸುತ್ತಾನೆ. ಬಡವನ ಕೈಲಿದ್ದ ಅವಲಕ್ಕಿಯ ಗಂಟನ್ನು ಕಿತ್ತುಕೊಂಡು ತಿನ್ನುತ್ತಾನೆ. ಆದರೆ ಇದೇ ಸಂಗತಿಯ ಇನ್ನೊಂದು ಕಥೆ ನಮ್ಮಲ್ಲಿ ಇದೆ, ಅದನ್ನು ಸಮ್ಮಿಲನದ ವೇದಿಕೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ದ್ರೋಣ ದ್ರುಪದರದ್ದು. ಅವರೂ ಜೊತೆಗೆ ಆಡಿ ಓದಿದವರು. ಮಗ ಅಶ್ವತ್ಥಾಮ ಹಾಲೆಂದು ಹಿಟ್ಟಿನ ನೀರು ಕುಡಿದು ಕುಣಿದದ್ದನ್ನು ಕಂಡ ದ್ರೋಣ, ರಾಜನಾಗಿದ್ದ ಗೆಳೆಯನ ಬಳಿ ಹೋಗಿ ಸಖ ಎಂದು ಕರೆಯುತ್ತಾನೆ. ದ್ರುಪದ ಸಿಟ್ಟಾಗುವುದು ಆ ಒಂದು ಪದಕ್ಕೆ. ಸಮಾನರಲ್ಲದವರ ನಡುವೆ ಸಖ್ಯವೆಲ್ಲಿಯದು ಎಂಬುದು ಅವನ ವಾದ. ದ್ರೋಣ ಅದನ್ನು ಮರೆಯುವುದಿಲ್ಲ. ಮುಂದೆ ಶಿಷ್ಯರಿಂದ ದ್ರುಪದನನ್ನು ಹಿಡಿದು ತರಿಸಿ, ಗಂಗೆಯ ಉತ್ತರದ ಅರ್ಧ ರಾಜ್ಯ ತಾನಿಟ್ಟುಕೊಂಡು, ಈಗ ನಾವಿಬ್ಬರೂ ರಾಜರು, ಇನ್ನು ಗೆಳೆಯರಾಗಬಹುದು ಎನ್ನುತ್ತಾನೆ. ಲೆಕ್ಕಕ್ಕೆ ಸಮಾನತೆ ಬಂತು, ಸ್ನೇಹ ಬರಲಿಲ್ಲ. ದ್ರುಪದ ಹೋಗಿ ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿಸಿದ.

ದ್ರುಪದನ ಉತ್ತರ ಒರಟು. ಆದರೆ ಅದರಲ್ಲಿ ಅರ್ಧ ಸತ್ಯ ಇದೆ ಎಂದು ಒಪ್ಪಿಕೊಳ್ಳದೆ ಈ ವಿಚಾರ ಮುಂದಕ್ಕೆ ಹೋಗುವುದಿಲ್ಲ. ಆಶ್ರಮದ ಗೆಳೆತನ ಆಶ್ರಮದ ಕಟ್ಟಳೆಯೊಳಗೆ ಹುಟ್ಟಿದ್ದು, ಅದರ ಹೊರಗೆ ಅದನ್ನು ಸಾಲದ ಚೀಟಿಯ ಹಾಗೆ ಹಿಡಿದು ವಸೂಲಿಗೆ ಹೋಗಲು ಬರುವುದಿಲ್ಲ. ಇನ್ನು ಕುಚೇಲನ ಕಥೆ ನಮಗೆ ಅಷ್ಟು ಹಿಡಿಸುವುದೇಕೆ? ಅವನು ಏನನ್ನೂ ಕೇಳುವುದಿಲ್ಲ. ಬಡ ಸಹಪಾಠಿ ಬರಬೇಕು, ನಾಚಬೇಕು, ಸುಮ್ಮನೆ ಹೋಗಬೇಕು. ಮಿಕ್ಕದ್ದು ಕೃಷ್ಣನ ದೊಡ್ಡತನಕ್ಕೆ ಬಿಟ್ಟದ್ದು. ನಮ್ಮ ಸಮ್ಮಿಲನಗಳಿಗೆ ಬೇಕಾಗಿರುವವರು ಕುಚೇಲರು. ಕೇಳುವ ದ್ರೋಣ ಬಂದರೆ ಊಟದ ರುಚಿ ಕೆಡುತ್ತದೆ.

ನಮ್ಮಲ್ಲೂ ಕೇಳುವವನೊಬ್ಬ ಇದ್ದ, ಅವನು ಬರಲಿಲ್ಲ. ಹಾಸ್ಟೆಲಿನಿಂದ ಓದುತ್ತಿದ್ದ ಹುಡುಗ, ಈಗ ಬೇರೆ ರಾಜ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ನಾವು ಓದುವಾಗ ವರಾಂಡದ ಮೂಲೆಯಲ್ಲಿ ನೀರಿನ ಗುಡಾಣ ಇತ್ತು. ಮಿಕ್ಕವರು ಮೊಗೆದುಕೊಂಡು ಕುಡಿಯುತ್ತಿದ್ದರು. ಅವನೂ ಅವನ ಜೊತೆಯ ನಾಲ್ಕೈದು ಹುಡುಗರೂ ಯಾರಾದರೂ ಬಂದು ಬೊಗಸೆಗೆ ಹುಯ್ಯುವವರೆಗೆ ಕಾಯುತ್ತಿದ್ದರು. ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧ ಎಂಬ ಕಾಯ್ದೆ 1955ರಲ್ಲೇ ಬಂದಿತ್ತು. ನಮ್ಮ ಗುಡಾಣದ ಹತ್ತಿರಕ್ಕೆ 1985ರಲ್ಲೂ ಬಂದಿರಲಿಲ್ಲ. ಸಮ್ಮಿಲನದ ಕರೆಗೆ ಅವನು ಗ್ರೂಪಿನಲ್ಲಿ ಬರೆದದ್ದು ಇಷ್ಟು: ‘ಎಲ್ಲರಿಗೂ ಒಳ್ಳೆಯದಾಗಲಿ. ನನಗೆ ಆ ಶಾಲೆ ಅಂದರೆ ಬಾಯಾರಿಕೆ ನೆನಪಾಗುತ್ತದೆ. ಬರಲಾರೆ.’ ಕೂಡಲೇ ಸಮಾಧಾನಗಳು ಬಂದವು. ಹಳೇದೆಲ್ಲ ಮರೀಬೇಕಪ್ಪ, ಕಾಲ ಬದಲಾಗಿದೆ, ಮನಸ್ಸಲ್ಲಿ ಇಟ್ಕೋಬೇಡ.

ಈ ಮಾತುಗಳಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ವಿಚಿತ್ರ ನೋಡಿ. ನೆನಪು ಮಾಡಿಕೊಳ್ಳಲೆಂದೇ ಶಾಮಿಯಾನ ಹಾಕಿಸುತ್ತಿದ್ದವರು ಒಬ್ಬನಿಗೆ ಮಾತ್ರ ಮರೆತುಬಿಡು ಎನ್ನುತ್ತಿದ್ದರು. ಯಾರು ಯಾರಿಗೆ ಅಡ್ಡಹೆಸರು ಇಟ್ಟರು, ಯಾರ ಸೈಕಲ್ಲಿನ ಗಾಳಿ ಬಿಟ್ಟರು ಎಂಬುದೆಲ್ಲ ನೆನಪಿರಬೇಕು, ಗುಡಾಣ ನೆನಪಿರಬಾರದು. ನನ್ನ ಮಟ್ಟಿಗೆ ಸಮ್ಮಿಲನದ ನೈತಿಕ ಪ್ರಶ್ನೆ ಇಲ್ಲಿದೆ, ಯಾರು ಎಷ್ಟು ದೇಣಿಗೆ ಕೊಟ್ಟರು ಎಂಬಲ್ಲಿ ಅಲ್ಲ. ಕ್ಷಮಿಸು ಎಂದು ಕೇಳಿಕೊಳ್ಳಬಹುದು, ಮರೆ ಎಂದು ಹೇಳಲು ಅನುಭವಿಸದವನಿಗೆ ಅಧಿಕಾರವೇ ಇಲ್ಲ.

ಅರಿಸ್ಟಾಟಲ್ ತನ್ನ ನಿಕೊಮೇಕಿಯನ್ ಎಥಿಕ್ಸ್‌ನಲ್ಲಿ ಗೆಳೆತನಕ್ಕೆ ಎರಡು ಭಾಗಗಳನ್ನೇ ಮೀಸಲಿಟ್ಟಿದ್ದಾನೆ. ಅದರ ಒಂಬತ್ತನೆಯ ಭಾಗದಲ್ಲಿ ನಮಗೆ ಬೇಕಾದ ಪ್ರಶ್ನೆಯೇ ಬರುತ್ತದೆ. ಬಾಲ್ಯದ ಗೆಳೆಯರಲ್ಲಿ ಒಬ್ಬ ಬುದ್ಧಿಯಲ್ಲಿ ಹುಡುಗನಾಗಿಯೇ ಉಳಿದು ಇನ್ನೊಬ್ಬ ಬೆಳೆದುಬಿಟ್ಟರೆ ಅವರ ಗೆಳೆತನ ಉಳಿಯುತ್ತದೆಯೇ? ಉಳಿಯುವುದು ಕಷ್ಟ, ಇಬ್ಬರಿಗೂ ಒಂದೇ ಸಂಗತಿ ಸುಖ ಕೊಡುವುದಿಲ್ಲ ಎನ್ನುತ್ತಾನೆ. ಹಾಗೆಂದು ಆ ಗೆಳೆತನ ಎಂದೂ ಇರಲೇ ಇಲ್ಲವೆಂಬಂತೆ ನಡೆದುಕೊಳ್ಳಬೇಕೇ? ಬೇಡ, ಹಿಂದಿನ ಒಡನಾಟಕ್ಕಾಗಿ ಅಪರಿಚಿತನಿಗೆ ಸಲ್ಲುವುದಕ್ಕಿಂತ ಹೆಚ್ಚಿನದೇನೋ ಸಲ್ಲಬೇಕು ಎನ್ನುತ್ತಾನೆ. ಆ ಹೆಚ್ಚಿನದು ಏನು ಎಂದು ಬಿಡಿಸಿ ಹೇಳುವುದಿಲ್ಲ.

ನನಗೆ ತೋಚುವ ಉತ್ತರ ಸಾಕ್ಷಿ. ಹಳೆಯ ಸಹಪಾಠಿ ಗೆಳೆಯನೇ ಆಗಿರಬೇಕಿಲ್ಲ. ಆಗಲೂ ಎಷ್ಟೋ ಜನ ಆಗಿರಲಿಲ್ಲ. ಹುಡುಗಿಯರ ಜೊತೆ ಮೂರು ವರ್ಷದಲ್ಲಿ ಮೂರು ವಾಕ್ಯ ಆಡಿದ ಹುಡುಗರು ನಮ್ಮಲ್ಲಿ ಇರಲಿಲ್ಲ. ಅವರ ಜೊತೆ ಮರಳಿ ಹೋಗಲು ಯಾವ ಏಕವಚನವೂ ಇಲ್ಲ. (ಐವತ್ತೆರಡನೆಯ ವಯಸ್ಸಿನಲ್ಲಿ ‘ಏನ್ರೀ, ಹೇಗಿದ್ದೀರಿ’ ಎಂದು ಶುರುವಾದ ಆ ಮಾತುಗಳೇ ಅವತ್ತಿನ ಅತ್ಯುತ್ತಮ ಮಾತುಗಳಾಗಿದ್ದವು ಎಂಬುದು ಬೇರೆ.) ಆದರೂ ನಾನು ಆ ವರಾಂಡದಲ್ಲಿ ನಿಂತಿದ್ದೆ ಎಂದು ಬಲ್ಲವರು ಭೂಮಿಯ ಮೇಲೆ ಇರುವುದು ಇವರಷ್ಟೇ. ನನ್ನ ಮಕ್ಕಳು ನನ್ನ ಕಥೆಯನ್ನು ನಂಬಬೇಕು, ಇವರು ನಂಬಬೇಕಿಲ್ಲ, ನೋಡಿದ್ದಾರೆ. ಹಾಗಾದರೆ ‘ಹಳೇದೆಲ್ಲ ಮರಿ’ ಎನ್ನುವ ಸಹಪಾಠಿ ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ಪ್ರತಿಕೂಲ ಸಾಕ್ಷಿ. ಅವತ್ತು ಗ್ರೂಪಿನಲ್ಲಿ ಸಮಾಧಾನಗಳ ಕೆಳಗೆ, ಈಗ ಪ್ರೈಮರಿ ಶಾಲೆಯ ಟೀಚರ್ ಆಗಿರುವ ನಮ್ಮ ಕ್ಲಾಸಿನವಳೊಬ್ಬಳು ಬರೆದಳು: ‘ಹೌದು, ಹಾಗೇ ಇತ್ತು. ನಾನು ನೋಡಿದೀನಿ.’ ಅವನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದ. ಬರಲಿಲ್ಲ. ಬರಬೇಕಾಗಿತ್ತು ಎಂದು ನನಗೇನೂ ಅನ್ನಿಸಿಲ್ಲ. ಅವಳು ಬರೆದದ್ದಕ್ಕೆ ಅವನ ಬರವು ಬೆಲೆಯೇನಲ್ಲವಲ್ಲ.

ಸಾಕ್ಷಿಯ ಈ ಮಾತನ್ನು ಒಪ್ಪಿದರೆ ಇನ್ನೊಂದು ತೊಡಕು ಹುಟ್ಟುತ್ತದೆ. ಯಾರು ‘ನಮ್ಮ ಬ್ಯಾಚು’? ಗ್ರೂಪಿನಲ್ಲಿದ್ದವರು ಇಪ್ಪತ್ತಾರು ಜನ, ಹೆಚ್ಚುಕಡಿಮೆ ಎಲ್ಲರೂ ಎಸ್ಸೆಸ್ಸೆಲ್ಸಿ ಪಾಸಾದವರು. ಶಾಮಿಯಾನದವನು ಎದುರಿಗೆ ಬಂದು ನಿಲ್ಲುವವರೆಗೆ ಇದು ಯಾರಿಗೂ ಹೊಳೆದಿರಲಿಲ್ಲ. ಕಾರ್ಯಕ್ರಮ ಮುಗಿದ ವಾರದ ಮೇಲೆ ಆ ಟೀಚರೂ ಇನ್ನಿಬ್ಬರೂ ಶಾಲೆಗೆ ಹೋಗಿ, ಈಗಿನ ಹೆಡ್‌ಮಿಸ್ ಒಪ್ಪಿಗೆ ಪಡೆದು, ಹಳೆಯ ಅಡ್ಮಿಷನ್ ರಿಜಿಸ್ಟರ್ ತೆಗೆಸಿ ನೋಡಿದರು. 1985ರಲ್ಲಿ ಎಂಟನೆಯ ತರಗತಿಗೆ ಸೇರಿದವರು ಅರವತ್ತೆಂಟು. ಶಾಲೆ ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಸಾಲುಸಾಲಾಗಿ ಒಂದೇ ಪದ, ‘ಗೈರುಹಾಜರಿ’. ಗೈರುಹಾಜರಿ ಒಂದು ಕಾರಣವೇ? ಅದು ಶಾಲೆ ಬಿಟ್ಟದ್ದರ ಇನ್ನೊಂದು ಹೆಸರು ಅಷ್ಟೆ. ಆರೇಳು ಕಿಲೋಮೀಟರ್ ನಡೆದು ಬರುತ್ತಿದ್ದ ಹುಡುಗಿಯರೇ ಅದರಲ್ಲಿ ಹೆಚ್ಚು. ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಆ ಹೊತ್ತಿಗೆ ಇವರ ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ಬ್ಯಾಚ್ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ತೇರ್ಗಡೆಯಾದವರ ಪಟ್ಟಿ. ಪರೀಕ್ಷಾ ಮಂಡಳಿ ಮಾಡಿದ ಪಟ್ಟಿಯನ್ನು ನಾವು ಸ್ನೇಹದ ಪಟ್ಟಿ ಎಂದುಕೊಂಡಿದ್ದೇವೆ.

ಗ್ರೂಪಿನಲ್ಲಿ ಇದಕ್ಕೆ ಬಂದ ಆಕ್ಷೇಪಗಳೂ ತಳ್ಳಿಹಾಕುವಂಥವಲ್ಲ. ಎಂಟನೇ ಕ್ಲಾಸಿನವರನ್ನು ಕರೆದರೆ ಏಳನೆಯವರನ್ನೇಕೆ ಬಿಡಬೇಕು, ಗೆರೆ ಎಲ್ಲಿ ಎಳೆಯುವುದು? ಬಿಟ್ಟುಹೋದವರಿಗೆ ಬಿಟ್ಟದ್ದನ್ನು ನೆನಪಿಸುವುದು ಹಿಂಸೆಯಲ್ಲವೇ? ಎರಡನೆಯದು ಗಟ್ಟಿ ಪ್ರಶ್ನೆ. ನಮ್ಮ ಸಮಾಧಾನಕ್ಕಾಗಿ ಇನ್ನೊಬ್ಬರ ಮನೆ ಬಾಗಿಲು ಬಡಿಯುವುದು ಕೃಷ್ಣನ ಪಾತ್ರ ಹಾಕುವ ಇನ್ನೊಂದು ರೀತಿ ಆಗಬಹುದು. ಆದರೆ ಅವರಿಗೆ ನೋವಾದೀತು ಎಂದು ಅವರನ್ನು ಕೇಳದೆಯೇ ನಾವು ತೀರ್ಮಾನಿಸುವುದಿದೆಯಲ್ಲ, ಅದು ನಮಗೆ ಬಹಳ ಅನುಕೂಲದ ಕರುಣೆ. ಕೇಳಬೇಕು, ಬೇಡ ಎಂದರೆ ಮತ್ತೆ ಕೇಳಬಾರದು ಎಂಬುದು ನನ್ನ ಪಕ್ಷ. ಗೆರೆ ಎಲ್ಲಾದರೂ ಎಳೆಯಲಿ, ಮಾರ್ಕ್ಸ್ ಕಾರ್ಡಿನ ಮೇಲೆ ಬೇಡ.

ಟೀಚರು ಕೇಳುತ್ತ ಹೋಗುತ್ತಿದ್ದಾಳೆ. ಇಬ್ಬರು ತೀರಿಕೊಂಡಿದ್ದಾರೆ ಎಂದು ಗೊತ್ತಾಯಿತು. ಒಬ್ಬ ನಂಬರ್ ತಪ್ಪು ಎಂದು ಫೋನಿಟ್ಟ. ಧ್ವನಿ ಅವನದ್ದೇ ಅನ್ನುತ್ತಾಳೆ, ಆದರೆ ಮತ್ತೆ ಮಾಡಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮದುವೆಯಾಗಿ ಬಿಟ್ಟುಹೋದ ಅವಳ ಪಕ್ಕದ ಡೆಸ್ಕಿನ ಗೆಳತಿ ಮಾತ್ರ ಹೆಸರು ಹೇಳುತ್ತಿದ್ದ ಹಾಗೇ ಗುರುತು ಹಿಡಿದಳಂತೆ. ‘ಅಯ್ಯೋ, ನೀನೇನೇ! ಇನ್ನೂ ಬದುಕಿದೀಯಾ’ ಎಂದು ಶುರುಮಾಡಿ ಅರ್ಧ ಗಂಟೆ ಮಾತಾಡಿದಳಂತೆ, ಮೇಡಮ್ಮೂ ಇಲ್ಲ ಗೀಡಮ್ಮೂ ಇಲ್ಲ. ಕೊನೆಗೆ ಸಮ್ಮಿಲನದ ವಿಷಯ ತೆಗೆದರೆ, ‘ನಾನು ಎಸ್ಸೆಸ್ಸೆಲ್ಸಿವರೆಗೂ ಬರ್ಲೇ ಇಲ್ವಲ್ಲೇ, ನಾನ್ಯಾವ ಬ್ಯಾಚು?’ ಎಂದಳಂತೆ. ಮುಂದಿನ ಸಲ ಬರ್ತೀಯಾ ಎಂದು ಕೇಳಿದ್ದಕ್ಕೆ, ‘ರಾಗಿ ಕೊಯ್ಲು ಮುಗೀಲಿ, ನೋಡಾನ. ಸ್ಟೇಜ್ ಮೇಲೆ ಮಾತ್ರ ಕರೀಬೇಡಿ. ಆ ಗ್ರೂಪಿಗೂ ಸೇರಿಸ್ಬೇಡ, ನನ್ ಫೋನು ಯಾವಾಗ್ಲೂ ಮೊಮ್ಮಗಳ ಕೈಲಿರುತ್ತೆ’ ಅಂದಳಂತೆ.