ಮೂಗು ಯಾರದು?

ನಮ್ಮ ಮನೆಗಳಲ್ಲಿ ಮಗುವಿನ ನಾಮಕರಣ ಮುಗಿಯುವ ಮೊದಲೇ ಅದರ ಮುಖ ಪಾಲಾಗಿಬಿಡುತ್ತದೆ. ತೊಟ್ಟಿಲಿಗೆ ಬಗ್ಗಿದವರೆಲ್ಲ 'ಮೂಗು ಅಪ್ಪನದು, ಬಣ್ಣ ಅಜ್ಜಿಯದು, ಹಟ ಮಾತ್ರ ಸೋದರಮಾವನದೇ' ಎಂದು ಹಂಚಿ ಹೋಗುತ್ತಾರೆ. ನಾನೂ ಹಂಚಿದ್ದೇನೆ. ಮಗುವನ್ನು ನಮ್ಮವರ ಸಾಲಿಗೆ ಸೇರಿಸಿಕೊಳ್ಳುವ ಅಕ್ಕರೆಯ ರೀತಿ ಅದು. ಕಳೆದ ದಸರೆಯಲ್ಲಿ ನಮ್ಮ ಬೀದಿಯ ಒಂದು ಮನೆಗೆ ಗೊಂಬೆ ನೋಡಲು ಹೋಗಿದ್ದೆ. ಆ ಮನೆಯ ಎಂಟು ವರ್ಷದ ಹುಡುಗಿ ಬಂದವರಿಗೆಲ್ಲ ಚರ್ಪಿನ ತಿಂಡಿ ಹಂಚುತ್ತಿದ್ದಳು. ಹಿರಿಯರೊಬ್ಬರು ಅವಳ ಗಲ್ಲ ಹಿಡಿದೆತ್ತಿ, 'ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲವಲ್ಲ ಈ ಮಗು!' ಎಂದರು. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಹುಡುಗಿ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನೀರು ಕೇಳಿಕೊಂಡು ನಾನು ಒಳಗೆ ಹೋದರೆ, ಬೀರುವಿನ ಕನ್ನಡಿಯ ಮುಂದೆ ನಿಂತು ಎರಡು ಬೆರಳಿನಿಂದ ಮೂಗನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಹಸುಗೂಸಾಗಿದ್ದಾಗ ಆ ದಂಪತಿ ದತ್ತು ತೆಗೆದುಕೊಂಡ ಮಗು ಅದು. ಅವಳಿಗೆ ಅದು ಗೊತ್ತು. ಮಾತು ಬರುವ ಮೊದಲಿನಿಂದಲೂ ಮಲಗುವ ಹೊತ್ತಿನ ಕತೆಯಾಗಿ ಕೇಳುತ್ತ ಬೆಳೆದವಳು.

ಗೊತ್ತಿದ್ದ ಮೇಲೆ ಬೇಸರವೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್ಸ್ಕಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಕ್ಕಳನ್ನೇ ಮಾತಾಡಿಸಿ, ದತ್ತು ಎಂದರೆ ಅವರು ಏನು ತಿಳಿದಿದ್ದಾರೆಂದು ನೋಡಿದರು. ನಾಲ್ಕೈದು ವರ್ಷದ ಮಗು ಕತೆಯನ್ನು ಚೆನ್ನಾಗಿ ಒಪ್ಪಿಸುತ್ತದೆ, ಅರ್ಥ ಮಾತ್ರ ಆಗಿರುವುದಿಲ್ಲ. ಏಳೆಂಟಕ್ಕೆ ಬುದ್ಧಿ ಬಲಿಯುತ್ತ ಬಂದಂತೆ ಕತೆಯ ಹಿಂಬದಿ ಕಾಣತೊಡಗುತ್ತದೆ: ಈ ಮನೆಗೆ ನಾನು ಬಂದೆ ಎಂದರೆ ಇನ್ನೊಂದು ಕಡೆಯಿಂದ ಹೋದೆ ಎಂದೇ ಅಲ್ಲವೇ? ಇವರಿಗೆ ನಾನು ಬೇಕಾದೆ, ಅವರಿಗೆ ಏಕೆ ಬೇಡವಾದೆ? ಹದಿಹರೆಯದಲ್ಲಿ ಇದೇ ಪ್ರಶ್ನೆ ಇನ್ನಷ್ಟು ಬಲವಾಗಿ ಏಳುತ್ತದೆ. ಆಗ ಮನೆಯವರು 'ನಾವೇನು ಕಡಿಮೆ ಮಾಡಿದೆವು?' ಎಂದು ನೊಂದುಕೊಂಡರೆ ಮಗು ಪ್ರಶ್ನೆಯನ್ನು ನುಂಗಿಕೊಳ್ಳುತ್ತದೆ. ನುಂಗಿದ್ದು ಅರಗುವುದಿಲ್ಲ. ಐದಾರು ವರ್ಷ ಬೇರೆಡೆ ಬೆಳೆದು ಬಂದ ಮಗುವಿನ ಭಯವಂತೂ ಇನ್ನೂ ಆಳದ್ದು. ಕೆಲವು ಮಕ್ಕಳು ತಿಂಗಳುಗಟ್ಟಲೆ ಚಪಾತಿಯನ್ನೋ ಬಿಸ್ಕತ್ತನ್ನೋ ದಿಂಬಿನ ಕೆಳಗೆ ಬಚ್ಚಿಡುತ್ತಾರೆ. ನಾಳೆಯೂ ಈ ಮನೆ ಇರುತ್ತದೆ ಎಂಬ ನಂಬಿಕೆ ಅವರಿಗಿನ್ನೂ ಬಂದಿರುವುದಿಲ್ಲ. ಗದರಿಸುವ ಬದಲು ಹಾಸಿಗೆಯ ಪಕ್ಕ ಒಂದು ಡಬ್ಬಿಯಲ್ಲಿ ತಿಂಡಿ ಇಟ್ಟು, 'ಇದು ನಿನ್ನದು, ಖಾಲಿಯಾದರೆ ಮತ್ತೆ ತುಂಬುತ್ತೇನೆ' ಎನ್ನುವ ತಾಯಿಯ ವಿವೇಕ ದೊಡ್ಡದು.

ಹೆತ್ತವರ ನೆನಪೂ ಸಾಕಿದವರ ಪ್ರೀತಿಯೂ ಒಂದೇ ಎದೆಯಲ್ಲಿ ಹಿಡಿಸುವುದಿಲ್ಲ ಎಂದು ನಾವು ಹೆದರುತ್ತೇವೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮವೃತ್ತಾಂತ ಹೇಳಿ, ರಾಜ್ಯ ನಿನ್ನದೇ, ಬಾ ಎಂದು ಕರೆದಾಗ ಅವನು ಕೊಟ್ಟ ಉತ್ತರ ನೋಡಿ. ಕುಂತಿ ತನ್ನ ಹಿತವೆಣಿಸದೆ ತೊರೆದಳೆಂಬ ನೋವನ್ನು ಅವನು ಮುಚ್ಚಿಡುವುದಿಲ್ಲ. ಹಿಂದೆಯೇ ಸಾಕಿದ ತಾಯಿ ರಾಧೆಯ ಮಾತು ಬರುತ್ತದೆ: ತನ್ನನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲು ಬಂತು, ತನ್ನ ಮಲಮೂತ್ರ ಬಾಚಿದವಳು ಅವಳು; ಅವಳ ಗಂಡ ಅಧಿರಥ ಜಾತಕರ್ಮ ಮಾಡಿಸಿದ, ಹೆಸರಿಡಿಸಿದ, ಪ್ರಾಯ ಬಂದಾಗ ಮದುವೆ ಮಾಡಿದ. ಇಡೀ ಭೂಮಿ ಕೊಟ್ಟರೂ ಆ ನಂಟನ್ನು ಬಿಡಲಾರೆ ಎಂದುಬಿಡುತ್ತಾನೆ. ಅವನ ಎಣಿಕೆಯಲ್ಲಿರುವುದೆಲ್ಲ ನಾವು ನೀವು ಮಕ್ಕಳಿಗಾಗಿ ಮಾಡುವ ಕೆಲಸಗಳೇ. ಕರ್ಣನಿಗೆ ರಾಧೆಯ ಮನೆಯಲ್ಲಿ ಕೊರತೆಯಾಗಲಿಲ್ಲ. ಅವನನ್ನು ಚುಚ್ಚಿದ್ದು ಹೊರಗಿನವರ ಬಾಯಿ. ಆದಿಪರ್ವದಲ್ಲಿ, ಅಂಗರಾಜ್ಯದ ಅಭಿಷೇಕದ ನೀರು ಆರುವ ಮೊದಲೇ ಅವನು ಮುದುಕ ಅಧಿರಥನ ಕಾಲಿಗೆ ತಲೆಬಾಗಿದ. ತುಂಬಿದ ಸಭೆಯಲ್ಲಿ ಭೀಮ ಹಂಗಿಸಿದ್ದು ಆಗಲೇ.

ಅಂದು ಕನ್ನಡಿಯ ಮುಂದಿದ್ದ ಮಗಳ ಪಕ್ಕ ಅವಳ ಅಮ್ಮ ಬಂದು ಕೂತಳು. ನಾನು ಬಾಗಿಲಲ್ಲೇ ನಿಂತೆ.

'ನನ್ನ ಮೂಗು ಯಾರ ಥರ ಅಮ್ಮ?'

'ಗೊತ್ತಿಲ್ಲ ಪುಟ್ಟಿ. ನಿನ್ನ ಹೆತ್ತ ಅಮ್ಮನ ಥರ ಇರಬಹುದು. ಅವರನ್ನ ನಾನೂ ನೋಡಿಲ್ಲ.'

'ಅವರಿಗೆ ನಾನು ನೆನಪಿದೀನಾ?'

'ಇದೀಯ ಅಂತ ನನಗನ್ಸುತ್ತೆ.'

ಇಬ್ಬರೂ ಸುಮ್ಮನಿದ್ದರು. ಆಮೇಲೆ ಹುಡುಗಿ, 'ಕಡಲೆ ಉಸಲಿ ಇನ್ನೂ ಉಳಿದಿದೆಯಾ?' ಎಂದು ಕೇಳಿ ಹೊರಟಳು. ಆ ತಾಯಿ ಇಲ್ಲದ್ದನ್ನು ಕಟ್ಟಿ ಹೇಳಲಿಲ್ಲ, ಹೆತ್ತವಳನ್ನು ಹಳಿಯಲಿಲ್ಲ, ಕಣ್ಣೀರಿಟ್ಟು ಮಗುವಿನ ಮೇಲೆ ಹೊರೆ ಹಾಕಲೂ ಇಲ್ಲ. 'ದೊಡ್ಡವಳಾಗಲಿ, ಹೇಳೋಣ' ಎಂದು ಮುಂದೂಡುತ್ತ ಹೋದ ಮನೆಗಳಲ್ಲಿ ಕೊನೆಗೆ ಹೇಳುವವರು ಮದುವೆಮನೆಗೆ ಬಂದ ಯಾರೋ ನೆಂಟರು. ಮಗು ಯಾರದು ಎಂಬ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದತ್ತು ಆದೇಶವಾದ ದಿನದಿಂದ ಆ ಮಗು ಎಲ್ಲ ರೀತಿಯಲ್ಲೂ ಆ ತಂದೆತಾಯಿಯ ಮಗುವೇ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲದ ವಿವರ ಕೇಳಿ ಅರ್ಜಿ ಹಾಕುವುದಕ್ಕೂ ದತ್ತು ನಿಯಮಗಳಲ್ಲಿ ಅವಕಾಶವಿದೆ. ಮಿಕ್ಕಿದ್ದು ನೆರೆಹೊರೆಯವರಾದ ನಮ್ಮ ಕೈಯಲ್ಲಿದೆ. 'ಸ್ವಂತ ಮಗುವೇ?' ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ಅಲ್ಲೇ ತಡೆಯೋಣ. ಈ ಸಲ ದಸರೆಗೆ ಯಾರ ಮನೆಯ ಮಗುವಾದರೂ ಚರ್ಪು ಹಿಡಿದು ಎದುರಿಗೆ ಬಂದರೆ, ಗೊಂಬೆಗಳಲ್ಲಿ ನಿನಗೆ ಯಾವುದು ಇಷ್ಟ ಎಂದು ಕೇಳಿ ನೋಡಿ.